ತಳದ ಗೂಡು

ಅವರ ಬಲಗೈಗೆ ಮೊಣಕೈವರೆಗೂ ರೇಷ್ಮೆಯ ನವಿರು ಅಂಟಿಕೊಂಡಿರುತ್ತಿತ್ತು. ಎಡಗೈ ಚೊಕ್ಕಟ. ಬಲಗೈ ಮಾತ್ರ ಬೂಸು ಹಿಡಿದ ರೊಟ್ಟಿಯ ಹಾಗೆ ಬೆಳ್ಳಗೆ. ನಮಾಜಿಗೆ ಹೋಗುವ ಮುಂಚೆ ನಲ್ಲಿಯ ಕೆಳಗೆ ಎಷ್ಟು ಉಜ್ಜಿದರೂ ಪೂರ್ತಿ ಹೋಗುತ್ತಿರಲಿಲ್ಲ. "ಇದು ಹೋಗಲ್ಲಮ್ಮ, ಮಣ್ಣಲ್ಲಿಡೋವಾಗ್ಲೂ ನನ್ನ ಜೊತೇಲೇ ಬರುತ್ತೆ" ಎನ್ನುತ್ತಿದ್ದರು. ಬಂತೋ ಇಲ್ಲವೋ ನಾನು ನೋಡಲಿಲ್ಲ. ಅಲ್ಲಿಗೆ ಹೆಂಗಸರು ಹೋಗುವಂತಿಲ್ಲ.

ಶಿಡ್ಲಘಟ್ಟದ ಒಂದು ಫಿಲೇಚರಿಗೆ, ಅಂದರೆ ಗೂಡು ಬೇಯಿಸಿ ನೂಲು ಬಿಚ್ಚುವ ಕಾರ್ಖಾನೆಗೆ, ಗೂಡು ಕೊಳ್ಳುವವರು ಅವರು. ಯಜಮಾನರು ಬೇರೆ. ಇವರು ಸಂಬಳಕ್ಕಿದ್ದವರು. ಬೆಳಗ್ಗೆ ಮಾರುಕಟ್ಟೆಗೆ ಹೋಗಿ ಗೂಡು ನೋಡಿ ತರುವುದು, ಆಮೇಲೆ ಬಂದು ನಮ್ಮ ಹಾಜರಿ ಬರೆಯುವುದು ಅವರ ಕೆಲಸ. ಹೆಂಗಸರೆಲ್ಲ ಅವರನ್ನು ಗೂಡಿನ ಸಾಹೇಬರು ಎನ್ನುತ್ತಿದ್ದೆವು. ಹೆಸರು ಹಿಡಿದು ಯಾರೂ ಕರೆಯಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

ಆ ಕೈಗೆ ನವಿರು ಯಾಕೆ ಎಂದು ಹೇಳಬೇಕು. ರೈತರು ಗೂಡು ತಂದು ಮಾರುಕಟ್ಟೆಯಲ್ಲಿ ಸುರಿಯುತ್ತಾರೆ. ಚಿಂತಾಮಣಿ ಕಡೆಯವರು, ಅಂಬಾಜಿದುರ್ಗದವರು, ಆಂಧ್ರದ ಗಡಿಯವರು, ಎಲ್ಲ ಬರುತ್ತಾರೆ. ರಾಶಿಯ ಮೇಲೆ ಒಳ್ಳೆಯ ಗೂಡು ಇರುತ್ತದೆ. ಕಲೆ ಬಿದ್ದದ್ದು, ತೆಳ್ಳಗಿನದು, ಎರಡು ಹುಳ ಸೇರಿ ಕಟ್ಟಿದ್ದು ತಳದಲ್ಲಿರುತ್ತದೆ. ಎಲ್ಲರೂ ಹಾಗೆ ಮಾಡುತ್ತಾರೆ ಎಂದಲ್ಲ, ಮಾಡುವವರು ಮಾಡುತ್ತಾರೆ. ಬೇರೆಯವರು ಮೇಲೆ ಕೈಯಾಡಿಸಿ ಬೆಲೆ ಕಟ್ಟುವಾಗ ಇವರು ತೋಳು ಮಡಚಿ ಮೊಣಕೈವರೆಗೂ ಒಳಗೆ ತೂರಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಿದ್ದರು. ಅದರಲ್ಲೊಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಲೊಟಲೊಟ ಎಂದರೆ ಒಳಗಿನ ಹುಳ ಚೆನ್ನಾಗಿದೆ. ಸದ್ದೇ ಬರದಿದ್ದರೆ ಹುಳ ಒಳಗೇ ಕೊಳೆತು ಗೋಡೆಗೆ ಅಂಟಿದೆ ಎಂದರ್ಥ. ಈಗ ಹರಾಜು ಮೊಬೈಲಿಗೆ ಬಂದಿದೆ. ಆದರೂ ಅವರು ಕೈ ಹಾಕುವುದನ್ನು ಬಿಡಲಿಲ್ಲ.

ಪೇಪರನ್ನೂ ಹಾಗೇ ಓದುತ್ತಿದ್ದರು. ನಾನು ಬರೆಯಲು ಕೂತಿರುವುದು ಅದಕ್ಕೇ.

ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ನಾವು ಗೂಡು ಆರಿಸುವ ಕೋಣೆಯಲ್ಲಿ ಕೂರುತ್ತಿದ್ದೆವು. ಬೇಯಿಸಿದ ಹುಳದ ನಾತ ಅಲ್ಲಿ ಸ್ವಲ್ಪ ಕಡಿಮೆ. ಸಾಹೇಬರು ಸ್ಟೂಲಿನ ಮೇಲೆ ಕೂತು ಪೇಪರು ಬಿಚ್ಚುತ್ತಿದ್ದರು. ಚೇಳೂರು ಕಡೆಯ ಒಬ್ಬಳು ದಿನವೂ ತೆಲುಗಿನಲ್ಲಿ ಒಂದೇ ಮಾತು ಕೇಳುತ್ತಿದ್ದಳು, ಇವತ್ತು ಯಾರು ಸತ್ತರು ಎಂದು. "ಏಮಿ ಸಾಹೇಬ್ರೇ, ಈ ರೋಜು ಎವರು ಸಚ್ಚಿನಾರು?"

"ನೀನಂತೂ ಅಲ್ಲ ಬಿಡಮ್ಮ, ಹಾಜರಿ ಹಾಕಿದೀನಿ" ಎನ್ನುತ್ತಿದ್ದರು.

ಒಂದು ದಿನ ದೊಡ್ಡಕ್ಷರದಲ್ಲಿ ಬಂದಿತ್ತು, ಗೂಡಿನ ಬೆಲೆ ಏರಿಕೆ, ರೈತರ ಮೊಗದಲ್ಲಿ ಮಂದಹಾಸ ಎಂದು. ಕೆಳಗೊಂದು ಫೋಟೋ. ಗೂಡಿನ ರಾಶಿ ಮುಂದೆ ಒಬ್ಬ ಹಲ್ಲು ಬಿಟ್ಟುಕೊಂಡು ನಿಂತಿದ್ದ. ಸಾಹೇಬರು ಪೇಪರನ್ನು ನಮ್ಮ ಕಡೆ ತಿರುಗಿಸಿದರು.

"ಯಾರು ಹೇಳಿ ಇವ್ನು?"

ನೋಡಿದರೆ ಮಾರುಕಟ್ಟೆಯ ದಲ್ಲಾಳಿ. ನಮಗೆಲ್ಲ ಗೊತ್ತಿರುವವನೇ.

"ಮಂದಹಾಸ ನಿಜಾನೇ. ಮೊಗ ಮಾತ್ರ ರೈತರ್ದಲ್ಲ, ಅಷ್ಟೇ" ಎಂದರು. ನಗು ತಡೆಯಲಾಗದೆ ನನ್ನ ಮಡಿಲಲ್ಲಿದ್ದ ಗೂಡೆಲ್ಲ ಚೆಲ್ಲಿತು. ಮಾರನೆಯ ದಿನ ನಿಜವಾದ ರೈತನೊಬ್ಬ ಬಂದಾಗ ವಿಚಾರಿಸಿದೆವು. ಬೆಲೆ ಏರಿದ್ದು ಎರಡೇ ದಿನ, ಅವನ ಗೂಡು ಬಂದದ್ದು ಮೂರನೇ ದಿನ.

ಪೇಪರಿನಲ್ಲಿ "ಎಂದು ತಿಳಿದುಬಂದಿದೆ" ಎಂದು ಬಂದರೆ ಅವರು ಓದುವುದನ್ನು ನಿಲ್ಲಿಸುತ್ತಿದ್ದರು. "ಎಲ್ಲಿಂದ ಬಂತಮ್ಮ ಇದು? ಗೌರಿಬಿದನೂರು ಬಸ್ಸಲ್ಲಿ ಬಂತಾ? ಯಾರೋ ಹೇಳಿರ್ಬೇಕಲ್ಲ. ಯಾರು ಹೇಳಿದ್ರು, ಅವರಿಗೇನು ಲಾಭ, ಯಾರನ್ನ ಕೇಳ್ದೇ ಬಿಟ್ರು, ಅದನ್ನ ನೋಡಣ" ಎನ್ನುತ್ತಿದ್ದರು. ಕೊನೆಯ ಸಾಲಿನಿಂದ ಮೇಲಕ್ಕೆ ಓದುವುದನ್ನು ನನಗೆ ಕಲಿಸಿದವರೂ ಅವರೇ. "ಮೇಲ್ಗಡೆ ಅವ್ರು ತೋರಿಸ್ಬೇಕು ಅಂದ್ಕೊಂಡಿದ್ದು ಇರುತ್ತೆ. ಕೆಳಗಡೆ ಜಾಗ ತುಂಬ್ಸೋಕೆ ಬರ್ದಿರ್ತಾರೆ. ಏನಾದ್ರು ಸಿಕ್ಕಿದ್ರೆ ಅಲ್ಲೇ ಸಿಗೋದು. ಕೈ ತಳಕ್ಕೆ ಹಾಕಮ್ಮ."

ನನಗೆ ಅಕ್ಷರ ಬಂದದ್ದೂ ಆ ಕೋಣೆಯಲ್ಲೇ. ಐವತ್ತು ದಾಟಿದ ಮೇಲೆ. ಗೂಡಿನ ಕೆಳಗೆ ಹಾಸಿದ ಹಳೇ ಪೇಪರಿನ ದಪ್ಪಕ್ಷರದ ಮೇಲೆ ಅವರು ಬೆರಳಿಟ್ಟು ಹೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಎಲ್ಲರೂ ಅಆಇಈ ಕಲಿತರೆ ನಾನು ಮೊದಲು ಕಲಿತ ಮಾತು "ಬಂದ್". ಈಗಲೂ ಒತ್ತಕ್ಷರ ನನ್ನನ್ನು ಆಟ ಆಡಿಸುತ್ತದೆ. ಈ ಬರಹದ ಒತ್ತಕ್ಷರವನ್ನೆಲ್ಲ ಮೊಮ್ಮಗಳು ತಿದ್ದಿದ್ದಾಳೆ. ಮಾತನ್ನು ತಿದ್ದಬೇಡ ಎಂದಿದ್ದೇನೆ.

ಒಂದು ಸಲ ಯಾರೋ ಫೋನಿನಲ್ಲಿ ವಿಡಿಯೋ ತೋರಿಸಿದರು. ನಗರಗೆರೆ ರಸ್ತೆಯಲ್ಲಿ ಮಕ್ಕಳ ಕಳ್ಳಿಯರು ಸಿಕ್ಕಿದ್ದಾರೆ, ಹೊಡೆಯುತ್ತಿದ್ದಾರೆ ಎಂದು. ಅದೇ ಹೊತ್ತಿಗೆ ನಮ್ಮ ಗೇಟಿನ ಹತ್ತಿರ ಒಬ್ಬ ಭಿಕ್ಷೆಯ ಹೆಂಗಸು ಕೂತಿದ್ದಳು. ಜನ ಸೇರುತ್ತಿದ್ದರು. ಸಾಹೇಬರು ಫೋನು ಇಸಿದುಕೊಂಡು ಎರಡು ಸಲ ನೋಡಿದರು. "ಆ ಅಂಗಡಿ ಬೋರ್ಡು ನೋಡ್ರಪ್ಪ. ಅದು ಕನ್ನಡಾನಾ? ತೆಲುಗಾ? ನಗರಗೆರೇಲಿ ಯಾವನು ಈ ಅಕ್ಷರದಲ್ಲಿ ಬೋರ್ಡು ಹಾಕವ್ನೆ?" ಎಂದು ಕೇಳಿದರು. ಸೇರಿದ್ದವರು ಒಬ್ಬೊಬ್ಬರಾಗಿ ಚದುರಿದರು. ಆ ಹೆಂಗಸನ್ನು ಒಳಗೆ ಕರೆದು ಟೀ ಕುಡಿಸಿ ಬಸ್ಸು ಹತ್ತಿಸಿದರು.

ಇದಿಷ್ಟು ಮೇಲಿನ ಗೂಡು. ಇಲ್ಲಿಗೇ ನಿಲ್ಲಿಸಿದರೆ ಎಲ್ಲರಿಗೂ ಚೆನ್ನಾಗಿರುತ್ತದೆ.

ಅವರಿಗೊಂದು ಹೆದರಿಕೆ ಇತ್ತು. ಯಜಮಾನರ ಮೋಟರ್ ಸೈಕಲ್ ಸದ್ದು ಬೀದಿಯ ತಿರುವಿನಲ್ಲಿ ಕೇಳಿದರೆ ಸಾಕು, ಪೇಪರು ನಾಲ್ಕು ಮಡಿಕೆಯಾಗಿ ಸ್ಟೂಲಿನ ಕೆಳಗೆ ಹೋಗುತ್ತಿತ್ತು. ಎದ್ದು ನಿಂತುಬಿಡುತ್ತಿದ್ದರು. ಅಷ್ಟು ಹೊತ್ತು ರಾಜ್ಯದ ಮಂತ್ರಿಗಳನ್ನೇ ಪ್ರಶ್ನೆ ಕೇಳುತ್ತಿದ್ದ ಬಾಯಿ ಆಮೇಲೆ ತೆರೆಯುತ್ತಿರಲಿಲ್ಲ. ನಾವು ನೋಡಿ ನಗುತ್ತಿದ್ದೆವು. ನಗಬಾರದಿತ್ತು.

ನನ್ನ ಸೊಸೆಯನ್ನು ಆ ಕೆಲಸಕ್ಕೆ ಸೇರಿಸಿದವಳು ನಾನೇ. ಅವಳಿಗೂ ನನಗೂ ಅಷ್ಟಕ್ಕಷ್ಟೆ. ಸುಳ್ಳು ಯಾಕೆ ಬರೆಯಲಿ. ಅವಳ ಸಾರಿಗೆ ಉಪ್ಪು ಜಾಸ್ತಿ, ನನ್ನ ಬಾಯಿಗೆ ಖಾರ ಜಾಸ್ತಿ. ಆದರೆ ಕೆಲಸಗಾತಿ. ಕುದಿಯುವ ನೀರಲ್ಲಿ ಗೂಡಿನ ಎಳೆ ಹಿಡಿಯುವುದರಲ್ಲಿ ಅವಳ ಬೆರಳಿನಷ್ಟು ಚುರುಕು ನಾನು ಇನ್ನೊಬ್ಬರಲ್ಲಿ ಕಾಣಲಿಲ್ಲ. ಸೇರಿದ ದಿನ ಸಾಹೇಬರು ಹಾಜರಿ ಪುಸ್ತಕ ತೆಗೆದು ಅವಳನ್ನು ಕೇಳಿದರು.

"ವಯಸ್ಸೆಷ್ಟಮ್ಮ?"

"ಯಾರಿಗ್ಗೊತ್ತು ಸಾಹೇಬ್ರೆ. ನೀವೇ ಏನಾದ್ರು ಹಾಕ್ಕೊಳಿ."

ಅವಳಿಗಾಗ ಮೂವತ್ತು. ಕೆನ್ನೆ ಬತ್ತಿದ ಬಡಕಲು ಮುಖ. ಸಾಹೇಬರು ಒಮ್ಮೆ ಕತ್ತೆತ್ತಿ ನೋಡಿ ನಲವತ್ತೊಂದು ಎಂದು ಬರೆದರು. ಗೊತ್ತಾದಾಗ ಅವಳು "ನನ್ನನ್ನ ಅತ್ತೆ ಜೊತೆಗಾತಿ ಮಾಡ್ಬಿಟ್ರಲ್ಲ!" ಎಂದು ಅಂಗಳವೆಲ್ಲ ಕೇಳುವ ಹಾಗೆ ನಕ್ಕಳು. ಯಾರೂ ತಿದ್ದಲಿಲ್ಲ. ವರ್ಷಕ್ಕೊಂದು ಹೊಸ ಪುಸ್ತಕ ಬರುತ್ತಿತ್ತು, ವರ್ಷಕ್ಕೊಂದು ಕೂಡಿಸುತ್ತಿದ್ದರು.

ನಾಲ್ಕು ವರ್ಷವಾದ ಮೇಲೆ ಆ ಬೆಳಗು ಬಂತು. ಬಾಯ್ಲರಿನಿಂದ ಗೂಡು ಬೇಯುವ ನಮ್ಮ ತೊಟ್ಟಿಗಳಿಗೆ ಆವಿ ಬರುವ ಪೈಪಿನ ಕೀಲು ಒಂದು ಕಡೆ ಸೋರುತ್ತಿತ್ತು. ತಿಂಗಳುಗಟ್ಟಲೆ ಸೋರುತ್ತಿತ್ತು. ಅದಕ್ಕೆ ಗೋಣಿ ಸುತ್ತಿ ತಂತಿ ಬಿಗಿದಿದ್ದರು. ಗೋಣಿ ಕೊಯ್ದುಕೊಟ್ಟವಳು ನಾನು, ತಂತಿ ತಂದವರು ಸಾಹೇಬರು. ಆ ದಿನ ಅದು ಬಿಚ್ಚಿಕೊಂಡಿತು. ನಾನು ಆರಿಸುವ ಕೋಣೆಯಲ್ಲಿದ್ದೆ. ಸುಯ್ ಎಂದು ಸದ್ದು ಕೇಳಿತು, ಆಮೇಲೆ ಕೂಗು. ಕೀಲು ಇದ್ದದ್ದು ಸೊಸೆಯ ತಲೆಯ ಹಿಂದೆ. ಪಕ್ಕದ ತೊಟ್ಟಿಯವಳ ಕೈ ಸುಟ್ಟಿತು. ಸೊಸೆಯ ಕುತ್ತಿಗೆ, ಬೆನ್ನು, ಮುಖದ ಒಂದು ಕಡೆ. ಬೆಂಗಳೂರಿಗೆ ಒಯ್ದರು. ಎರಡನೇ ದಿನ ಹೋದಳು.

ಅವಳನ್ನು ಮಣ್ಣು ಮಾಡಿದ ದಿನ ಫಿಲೇಚರಿಗೆ ಪೇಪರಿನವನೊಬ್ಬ ಬಂದಿದ್ದನಂತೆ. ಯಜಮಾನರ ಕೋಣೆಯಲ್ಲಿ ಟೀ ಕುಡಿದು ಬರೆದುಕೊಂಡು ಹೋದನಂತೆ. ಕೆಲಸದ ಹೆಂಗಸರು ಯಾರನ್ನೂ ಕೇಳಲಿಲ್ಲ. ನಮ್ಮ ಮನೆಗೂ ಬರಲಿಲ್ಲ.

ಮಾರನೆಯ ದಿನ ಪೇಪರು ಬಂತು. ನನ್ನ ಮಗ ಗೂಡು ಸಾಗಿಸುವ ಆಟೋ ಓಡಿಸುತ್ತಾನೆ. ಸ್ಟ್ಯಾಂಡಿನಲ್ಲಿ ಯಾರೋ ತೋರಿಸಿದರಂತೆ. ಮನೆಗೆ ತಂದು ನೆಲದ ಮೇಲೆ ಎಸೆದ.

"ಅವಳೇ ವಾಲ್ವ್ ತಿರುಗಿಸವ್ಳೆ ಕಣಮ್ಮ. ತಾನೂ ಸತ್ತು ಇನ್ನೊಬ್ಳ ಕೈನೂ ಸುಟ್ಳು. ಬುದ್ಧಿಗೆಟ್ಟೋಳು" ಎಂದ. ಹೆಂಡತಿ ಸತ್ತ ಮೂರನೇ ದಿನದಲ್ಲಿ ಹೀಗೆಂದ. ಮೊಮ್ಮಗಳು ಬಾಗಿಲಲ್ಲೇ ನಿಂತಿದ್ದಳು. ಒಂಬತ್ತನೇ ಕ್ಲಾಸು.

ನಾನು ಪೇಪರು ಎತ್ತಿಕೊಂಡು ಹಿತ್ತಲಲ್ಲಿ ಕೂತೆ. ಅಕ್ಷರ ಅಕ್ಷರ ಕೂಡಿಸಿ ತಳದಿಂದ ಓದಿದೆ. ಕೊನೆಯ ಸಾಲಿನಲ್ಲಿ ಯಜಮಾನರು ಕುಟುಂಬಕ್ಕೆ ಸಾಂತ್ವನ ಹೇಳಿದ್ದಾರೆ ಎಂದಿತ್ತು. ಯಾವ ಕುಟುಂಬಕ್ಕೋ, ನಮ್ಮ ಮನೆಗೆ ಅವರು ಬಂದಿರಲಿಲ್ಲ. ಅದರ ಮೇಲಿನ ಸಾಲಿನಲ್ಲಿ, ಮಹಿಳೆ ಅಜಾಗರೂಕತೆಯಿಂದ ವಾಲ್ವ್ ತಿರುಗಿಸಿದ್ದೇ ಅವಘಡಕ್ಕೆ ಕಾರಣ ಎಂದು ತಿಳಿದುಬಂದಿದೆ ಎಂದಿತ್ತು. ವಾಲ್ವ್ ಇರುವುದು ಗೋಡೆಯ ಆಚೆ, ಬಾಯ್ಲರಿನ ಪಕ್ಕದಲ್ಲಿ. ಹೆಂಗಸರು ಅಲ್ಲಿಗೆ ಕಾಲಿಡುವಂತಿಲ್ಲ. ಗೋಡೆಯ ಈಚೆ ಕೂತವಳು ಆಚೆಯದನ್ನು ಹೇಗೆ ತಿರುಗಿಸಿದಳು ಎಂದು ಬರೆದಿರಲಿಲ್ಲ. ಪೈಪಿನ ಮಾತೇ ಇರಲಿಲ್ಲ. ಗೋಣಿ ಇಲ್ಲ, ತಂತಿ ಇಲ್ಲ.

ಇನ್ನೂ ಮೇಲೆ ಹೋದೆ. ಸೊಸೆಯ ಹೆಸರಿತ್ತು. ಹೆಸರಿನ ಪಕ್ಕದಲ್ಲಿ 45 ಎಂದಿತ್ತು.

ನಾನು ಅಲ್ಲೇ ನಿಂತೆ. ಅವಳಿಗೆ ಮೂವತ್ತನಾಲ್ಕು. ಆಧಾರಿನಲ್ಲಿ ಮೂವತ್ತನಾಲ್ಕು, ರೇಷನ್ ಕಾರ್ಡಿನಲ್ಲಿ ಮೂವತ್ತನಾಲ್ಕು, ಆಸ್ಪತ್ರೆ ಕಾಗದದಲ್ಲಿ ಮೂವತ್ತನಾಲ್ಕು. ನಲವತ್ತೈದು ಇದ್ದದ್ದು ಈ ಭೂಮಿಯ ಮೇಲೆ ಒಂದೇ ಕಡೆ. ಹಾಜರಿ ಪುಸ್ತಕದಲ್ಲಿ. ಬರೆದ ಕೈಯೂ ಒಂದೇ.

ಮಾರನೆಯ ದಿನ ಸೂತಕ ಎಂದು ನೋಡದೆ ಫಿಲೇಚರಿಗೆ ನಡೆದೆ. ಮಧ್ಯಾಹ್ನದ ಹೊತ್ತು. ಹೆಂಗಸರೆಲ್ಲ ಆರಿಸುವ ಕೋಣೆಯಲ್ಲಿದ್ದರು. ಸಾಹೇಬರು ಸ್ಟೂಲಿನ ಮೇಲಿದ್ದರು. ಕೈಯಲ್ಲಿ ಪೇಪರು ಇರಲಿಲ್ಲ. ಸುದ್ದಿ ಬಂದ ದಿನದಿಂದ ತಂದಿಲ್ಲ ಎಂದು ಆಮೇಲೆ ಗೊತ್ತಾಯಿತು. ನಾನು ಪೇಪರನ್ನು ಅವರ ಮುಂದೆ ಹಿಡಿದೆ.

"ಇದನ್ನ ಯಾರು ಹೇಳಿದ್ರು ಸಾಹೇಬ್ರೆ?"

ಅವರು ಸ್ಟೂಲಿನಿಂದ ಎದ್ದು ನಿಂತರು.

"ಈ ನಲವತ್ತೈದು ಯಾವ ಬಸ್ಸಲ್ಲಿ ಬಂತು?"

"ಯಜಮಾನ್ರು ಪುಸ್ತಕ ತಗೊಂಬಾ ಅಂದ್ರು. ಕೊಟ್ಟೆ."

"ನೀವಲ್ಲೇ ಇದ್ರಾ?"

"ಇದ್ದೆನಮ್ಮ."

"ವಾಲ್ವ್ ಅಂತ ಹೇಳೋವಾಗ್ಲೂ ಇದ್ರಾ?"

"ಇದ್ದೆ."

"ಪೈಪು ಅಂತ ನಿಮ್ಮ ಬಾಯಲ್ಲಿ ಬರ್ಲಿಲ್ವಾ?"

"ನನ್ನನ್ನ ಯಾರೂ ಕೇಳ್ಲಿಲ್ಲಮ್ಮ" ಎಂದರು. ಬಲಗೈಯ ನವಿರು ಉಜ್ಜಿಕೊಳ್ಳುತ್ತಾ, "ಮೂವತ್ತು ವರ್ಷ ಅನ್ನ ತಿಂದ ಜಾಗ. ಯಜಮಾನ್ರು ಎದುರಿಗೇ ಕೂತಿದ್ರು" ಎಂದರು.

ಚೇಳೂರಿನವಳು ನನ್ನ ಸೆರಗು ಎಳೆದಳು, ಸಾಕು ಎಂದು. ನನಗೆ ಸಾಕಾಗಿರಲಿಲ್ಲ.

"ಊರೋರ್ನೆಲ್ಲ ಅಲ್ಲಾಡಿಸಿ ಕಿವಿಗಿಟ್ಕೊಂಡು ನೋಡ್ತಿದ್ರಲ್ಲ, ನಿಮ್ಮನ್ನ ಅಲ್ಲಾಡಿಸಿದ್ರೆ ಸದ್ದೇ ಇಲ್ಲ ನೋಡಿ" ಎಂದು ಹೇಳಿ ಬಂದುಬಿಟ್ಟೆ. ಅಲ್ಲಿಗೆ ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಬೇರೆ ಕಡೆ ಗೂಡು ಆರಿಸಲು ಸೇರಿಕೊಂಡೆ.

ಅದು ಅಲ್ಲಿಗೇ ಮುಗಿಯಬಹುದಿತ್ತು. ಮೊಮ್ಮಗಳಿಂದ ಮುಗಿಯಲಿಲ್ಲ. ಕೈ ಸುಟ್ಟುಕೊಂಡವಳ ಮಗಳೂ ಇವಳೂ ಒಂದೇ ಶಾಲೆ. "ನಿಮ್ಮಮ್ಮ ನಮ್ಮಮ್ಮನ ಕೈ ಸುಟ್ಳು" ಎಂದು ಅವಳು ಇಡೀ ಕ್ಲಾಸಿನ ಮುಂದೆ ಅಂದಳಂತೆ. ಇವಳು ಮನೆಗೆ ಬಂದು ಚೀಲ ಮೂಲೆಗೆ ಹಾಕಿದವಳು ತಿಂಗಳು ಶಾಲೆಗೆ ಹೋಗಲಿಲ್ಲ. ಅಮ್ಮನ ಫೋಟೋ ಗೋಡೆಯಿಂದ ತೆಗೆದು ಪೆಟ್ಟಿಗೆಗೆ ಹಾಕಿದಳು.

"ನಿಮ್ಮಮ್ಮ ತಿರುಗಿಸ್ಲಿಲ್ಲ ಕಣೇ" ಎಂದೆ.

"ಪೇಪರಲ್ಲಿ ಬಂದಿದೆ ಅಜ್ಜಿ."

"ಪೇಪರಲ್ಲಿ ಬಂದಿದ್ದೆಲ್ಲ ನಿಜಾನಾ?"

"ಮತ್ತೆ ನೀನು ಹೇಳಿದ್ದು ನಿಜಾನಾ? ನಿಂಗೆ ಸರಿಯಾಗಿ ಓದೋಕೂ ಬರಲ್ಲ."

ಹೊಡೆಯಬೇಕು ಎನಿಸಿತು. ಹೊಡೆಯಲಿಲ್ಲ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಅಚ್ಚಾದ ಅಕ್ಷರದ ಎದುರು ನನ್ನ ಮಾತು ಎಷ್ಟರದು. ಅವಳು ಆ ಪೇಪರಿನ ತುಂಡನ್ನು ಕತ್ತರಿಸಿ ಸಮಾಜ ಪುಸ್ತಕದೊಳಗೆ ಇಟ್ಟುಕೊಂಡಿದ್ದಳು. ಯಾಕೇ ಇಟ್ಟುಕೊಂಡೆ, ಎಸಿ ಎಂದರೆ, "ಅಮ್ಮನ ಹೆಸರು ಪೇಪರಲ್ಲಿ ಬಂದಿರೋದು ಅದೊಂದೇ ಸಲ" ಎಂದಳು.

ಆ ಮಾತು ಕೇಳಿದ ಮೇಲೆ ನಾನು ಸಾಹೇಬರ ಮನೆಗೆ ಹೋದೆ. ಮಾತು ಬಿಟ್ಟು ಆರು ತಿಂಗಳಾಗಿತ್ತು. ನಡೆದದ್ದನ್ನೆಲ್ಲ ಹೇಳಿದೆ. "ನಾನು ಹೇಳಿದ್ರೆ ನಂಬಲ್ಲ ಅವ್ಳು. ನೀವು ಹೇಳ್ಬೇಕು. ಪೇಪರಲ್ಲೇ ಹೇಳ್ಬೇಕು" ಎಂದೆ. ಅವರ ಹೆಂಡತಿ ಟೀ ತಂದಿಟ್ಟರು. ಸಾಹೇಬರು ಲೋಟವನ್ನು ನನ್ನ ಕಡೆ ಸರಿಸಿದರು. ಆಮೇಲೆ "ಸರಿ" ಎಂದರು, ಅಷ್ಟೇ.

ಮೊದಲು ಯಜಮಾನರ ಮುಂದೆ ಹೋಗಿ, ಪೈಪಿನ ವಿಷಯ ಪೇಪರಿಗೆ ಹೇಳುತ್ತೇನೆ ಎಂದರಂತೆ. ಅವರ ಹಿಂದೆ ಹೇಳುವುದು ಸರಿಯಲ್ಲ ಎಂಬುದು ಇವರ ಲೆಕ್ಕ. ಅದೇ ದಿನ ಕೆಲಸದಿಂದ ತೆಗೆದರು. ಮೂವತ್ತು ವರ್ಷದ ಅನ್ನ ಒಂದು ಬೆಳಗಿಗೆ ತೀರಿತು.

ಆಮೇಲೆ ನಾವಿಬ್ಬರೂ ಚಿಕ್ಕಬಳ್ಳಾಪುರಕ್ಕೆ ಬಸ್ಸು ಹತ್ತಿದೆವು. ಅವರು ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದು ಸಹಿ ಹಾಕಿಕೊಂಡು ಬಂದಿದ್ದರು. ಪೈಪು, ಗೋಣಿ, ತಂತಿ, ವಾಲ್ವ್ ಇರುವ ಜಾಗ. ಪೇಪರಿನ ಆಫೀಸು ಮಾಳಿಗೆಯ ಮೇಲೆ. ಮೆಟ್ಟಿಲು ಹತ್ತುವಾಗ ಸಾಹೇಬರು ಎರಡು ಕಡೆ ನಿಂತು ಉಸಿರು ಸುಧಾರಿಸಿಕೊಂಡರು. ಎದೆಯ ತೊಂದರೆ ಆಗಲೇ ಶುರುವಾಗಿತ್ತು. ವರ್ಷಗಟ್ಟಲೆ ಆ ಆವಿ ಕುಡಿದವರಿಗೆ ಬರುವ ಕೆಮ್ಮು.

ಮೇಜಿನ ಹಿಂದೆ ಕೂತಿದ್ದವನು ಕೆಟ್ಟವನೇನಲ್ಲ. ಕುರ್ಚಿ ಹಾಕಿಸಿದ, ನೀರು ಕೊಡಿಸಿದ.

"ಹಳೇ ವಿಷಯ ಅಲ್ವಾ ಇದು" ಎಂದ.

"ಸತ್ತೋಳಿಗೆ ಹಳೇದು. ಅವಳ ಮಗಳಿಗೆ ದಿನಾ ಹೊಸದು" ಎಂದೆ.

"ನಮ್ಮೋರು ಹೋಗಿ ವಿಚಾರಿಸೇ ಬರೆದಿದ್ದಾರಮ್ಮ."

"ಯಾರನ್ನ ವಿಚಾರಿಸಿದ್ರು?" ಸಾಹೇಬರು ಕೇಳಿದರು. ಧ್ವನಿ ಸಣ್ಣಗಿತ್ತು, ಪ್ರಶ್ನೆ ಹಳೆಯದೇ.

"ಮಾಲೀಕರನ್ನ. ಇನ್ಯಾರನ್ನ ಕೇಳ್ಬೇಕಿತ್ತು?"

"ನನ್ನನ್ನ. ನಾನು ಪಕ್ಕದಲ್ಲೇ ಇದ್ದೆ."

ಅವನು ಹಾಳೆ ಓದಿದ. ನೋಡುತ್ತೇವೆ ಎಂದ. ನೀವು ಅಲ್ಲಿ ಈಗಲೂ ಕೆಲಸ ಮಾಡ್ತಿದ್ದೀರಾ ಎಂದು ಕೇಳಿದ. ಇಲ್ಲ, ತೆಗೆದರು ಎಂದರು ಸಾಹೇಬರು. ಅವನು ಅದನ್ನು ಬರೆದುಕೊಂಡ.

ಹದಿನೈದು ದಿನವಾದ ಮೇಲೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂತು. ಕೆಲಸದಿಂದ ತೆಗೆದುಹಾಕಲಾದ ಮಾಜಿ ನೌಕರರೊಬ್ಬರು ಫಿಲೇಚರಿನ ಪೈಪ್ ಹಳೆಯದಾಗಿತ್ತು ಎಂದು ಆರೋಪಿಸಿದ್ದಾರೆ, ಮಾಲೀಕರು ಇದನ್ನು ಅಲ್ಲಗಳೆದಿದ್ದಾರೆ, ಎಂದು. ಸೊಸೆಯ ಹೆಸರಿರಲಿಲ್ಲ. ವಾಲ್ವ್ ಗೋಡೆಯಾಚೆ ಇದೆ ಎಂಬುದಿರಲಿಲ್ಲ.

ನಾನು ಅದನ್ನು ಮೊಮ್ಮಗಳಿಗೆ ಕೊಟ್ಟೆ. ಅವಳು ಒಂದೇ ಉಸಿರಿಗೆ ಓದಿ ಮಡಚಿ ವಾಪಸ್ಸು ಕೊಟ್ಟಳು.

"ಕೆಲಸದಿಂದ ತೆಗೆದ್ರು ಅಂತ ಸಿಟ್ಟಿಗೆ ಹೇಳಿರ್ತಾರೆ ಬಿಡಜ್ಜಿ."

ಅದನ್ನೇ ಹೋಗಿ ಸಾಹೇಬರಿಗೆ ಹೇಳಿದೆ. ಅವರು ಆ ನಾಲ್ಕು ಸಾಲನ್ನು ಎಷ್ಟೋ ಹೊತ್ತು ನೋಡಿದರು. ನಕ್ಕರು. ನಗು ಕೆಮ್ಮಾಗಿ ಕಣ್ಣಲ್ಲಿ ನೀರು ಬಂತು.

"ನೋಡಮ್ಮ, ಇದ್ರಲ್ಲಿ ಒಂದೂ ಸುಳ್ಳಿಲ್ಲ. ತೆಗೆದಿದ್ದು ನಿಜ. ಹೇಳಿದ್ದು ನಿಜ. ಅವರು ಇಲ್ಲ ಅಂದಿದ್ದೂ ನಿಜ. ಹೇಳ್ತೀನಿ ಅಂದಿದ್ದಕ್ಕೇ ತೆಗೆದ್ರು ಅನ್ನೋದೊಂದನ್ನ ಬಿಟ್ಟಿದ್ದಾರೆ. ಅದೊಂದು ಬಿಟ್ಟಿದ್ದಕ್ಕೆ ನಾನೇ ಸುಳ್ಳುಗಾರ ಆದೆ."

ಆಮೇಲೆ ಪೇಪರನ್ನು ನಾಲ್ಕು ಮಡಿಕೆ ಮಾಡಿ, "ಅವತ್ತು ನಾನೂ ಒಂದನ್ನೇ ಬಿಟ್ಟಿದ್ದು" ಎಂದರು.

ನಾನು ಸಮಾಧಾನ ಹೇಳಲಿಲ್ಲ. ನನಗೆ ಬರುವುದಿಲ್ಲ.

ಅದಾದ ಮೇಲೆ ಅವರು ಮನೆ ಬಿಟ್ಟು ಹೊರಗೆ ಬಂದದ್ದು ಕಡಿಮೆ. ಮನೆಗೆ ತರಿಸುತ್ತಿದ್ದ ಪೇಪರನ್ನೂ ನಿಲ್ಲಿಸಿದರು. ಬೇರೆ ಯಾರೂ ಕೆಲಸ ಕೊಡಲಿಲ್ಲ. ಗೂಡು ನೋಡುವ ಕೈಗೆ ಇಡೀ ಮಾರುಕಟ್ಟೆಯಲ್ಲಿ ಹೆಸರಿತ್ತು, ಆದರೆ ಯಜಮಾನನ ವಿರುದ್ಧ ಪೇಪರಿಗೆ ಹೋದವನು ಎನ್ನುವ ಹೆಸರು ಅದಕ್ಕಿಂತ ದೊಡ್ಡದಾಯಿತು. ಕೈಯ ನವಿರು ನಿಧಾನಕ್ಕೆ ಕಮ್ಮಿಯಾಯಿತು. ಬಲಗೈಯೂ ಹೆಚ್ಚುಕಡಿಮೆ ಎಡಗೈಯ ಹಾಗೆ ಆಯಿತು. ನನಗೆ ಅದು ನೋಡಲು ಆಗುತ್ತಿರಲಿಲ್ಲ.

ರಂಜಾನ್ ಕಳೆದ ಮೇಲೆ ಅವರ ಹೆಂಡತಿ ಹೇಳಿಕಳಿಸಿದರು, ಮಗುವನ್ನು ಒಮ್ಮೆ ಕರೆದುಕೊಂಡು ಬರಬೇಕಂತೆ ಎಂದು. ಮೊಮ್ಮಗಳು ಬರುವುದಿಲ್ಲ ಎಂದಳು. ಅವಳನ್ನು ಬೈದು, ಎಳೆದುಕೊಂಡು ಹೋದೆ. ಸಮಾಜ ಪುಸ್ತಕದ ಆ ತುಂಡು ಕಾಗದವನ್ನೂ ತರಿಸಿದೆ. ಸಾಹೇಬರು ದಿಂಬಿಗೆ ಒರಗಿ ಕೂತಿದ್ದರು. ಮುಖದಲ್ಲಿ ಮೂಗು ಮಾತ್ರ ಉಳಿದಿತ್ತು.

"ಓದಮ್ಮ ಅದನ್ನ. ಕೆಳಗಿಂದ ಓದು."

"ಎಷ್ಟೋ ಸಲ ಓದಿದೀನಿ ತಾತ."

"ಮೇಲಿಂದ ಓದಿದೀಯ. ಕೆಳಗಿಂದ ಓದು."

ಅವಳು ಓದಿದಳು. ಒಂದೊಂದು ಸಾಲಿಗೂ ಅವರು ನಿಲ್ಲಿಸಿ ಕೇಳುತ್ತಿದ್ದರು. ಇವರು ನಿಮ್ಮನೆಗೆ ಬಂದ್ರಾ? ಇಲ್ಲ. ವಾಲ್ವ್ ಎಲ್ಲಿದೆ ಅಂತ ಬರ್ದಿದಾರಾ? ಇಲ್ಲ. ನಿಮ್ಮಮ್ಮ ಎಲ್ಲಿ ಕೂತಿದ್ಲು ಅಂತ? ಇಲ್ಲ. ಯಾರು ನೋಡಿದ್ರು ಅಂತ? ಇಲ್ಲ. ಹೆಸರಿನ ಹತ್ತಿರ ಬಂದಾಗ ಅವಳೇ ನಿಂತಳು.

"ಅಮ್ಮಂಗೆ ನಲವತ್ತೈದಲ್ಲ" ಎಂದಳು. ಅಷ್ಟು ದಿನ ಆ ತುಂಡನ್ನು ಓದಿದವಳು ಅದನ್ನು ನೋಡಿರಲೇ ಇಲ್ಲ. ಹೆಸರನ್ನು ಮಾತ್ರ ನೋಡಿದ್ದಳು.

"ಅಲ್ಲ. ಅದು ನಾನು ಬರೆದ ಸುಳ್ಳು. ನನ್ನ ಸುಳ್ಳು ಇಲ್ಲಿ ಬಂದಿದೆ ಅಂದ್ರೆ ಇದು ಎಲ್ಲಿಂದ ಬಂತು ಹೇಳು?"

ಅವಳು ಆ ತುಂಡನ್ನು ಕಣ್ಣ ಹತ್ತಿರ ಹಿಡಿದಳು. "ನಿಮ್ಮ ಆಫೀಸಿಂದ" ಎಂದಳು. ಆಮೇಲೆ, ಅವಳು ಕೇಳದಿರಲಿ ಎಂದು ನಾನು ಅಂದುಕೊಂಡಿದ್ದನ್ನೇ ಕೇಳಿದಳು. "ನಿಮಗೆ ಗೊತ್ತಿತ್ತಾ ತಾತ, ಪೈಪು ಸೋರ್ತಿದೆ ಅಂತ?"

ಅವರು ಪೆನ್ನು ಕೇಳಿದರು. ಪೇಪರಿನ ತುಂಡನ್ನು ತೊಡೆಯ ಮೇಲಿಟ್ಟುಕೊಂಡು 45 ಅನ್ನು ಹೊಡೆದುಹಾಕಿ ಪಕ್ಕದಲ್ಲಿ 34 ಎಂದು ಬರೆದರು. ಅಂಚಿನಲ್ಲಿ ಉಳಿದಿದ್ದ ಬಿಳಿ ಜಾಗದಲ್ಲಿ ಇನ್ನೂ ಎರಡು ಮಾತು ಬರೆದು ಸಹಿ ಹಾಕಿದರು. ಅಷ್ಟು ಬರೆಯಲು ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಹಿಡಿಯಿತು.

ಹೊರಡುವಾಗ ನನ್ನನ್ನು ತಡೆದು "ಮಾಫ್ ಮಾಡ್ತೀಯಾ ಅಮ್ಮ?" ಎಂದರು.

"ಅದು ನನ್ನ ಕೈಯಲ್ಲಿಲ್ಲ ಸಾಹೇಬ್ರೆ. ಹೋದವಳ ಕೈಯಲ್ಲಿದೆ" ಎಂದೆ. ಅವರು ತಲೆಯಾಡಿಸಿದರು. ನಾನು ಬೇರೆ ಏನಾದರೂ ಹೇಳಿದ್ದರೆ ಅವರು ನಂಬುತ್ತಿರಲಿಲ್ಲ.

ಇಪ್ಪತ್ತು ದಿನಕ್ಕೆ ತೀರಿಹೋದರು. ಗಂಡಸರು ಎತ್ತಿಕೊಂಡು ಹೋಗುವಾಗ ನಾನು, ಚೇಳೂರಿನವಳು, ಇನ್ನು ನಾಲ್ಕು ಜನ ಹಳೇ ಹೆಂಗಸರು ಬೀದಿಯ ತಿರುವಿನಲ್ಲಿ ನಿಂತಿದ್ದೆವು. ಕೈ ಸುಟ್ಟುಕೊಂಡವಳೂ ಬಂದಿದ್ದಳು. ಅವಳ ಮಗಳಿಗೆ ನನ್ನ ಮೊಮ್ಮಗಳೇ ಆ ತುಂಡು ಕಾಗದ ತೋರಿಸಿದ್ದಳಂತೆ. ಇಬ್ಬರೂ ಈಗ ಮಾತಾಡುತ್ತಾರೆ. ಅಮ್ಮನ ಫೋಟೋ ಗೋಡೆಗೆ ವಾಪಸ್ಸು ಬಂದಿದೆ. ನನ್ನ ಮಗ ಆ ಕಾಗದವನ್ನು ಒಮ್ಮೆ ಓದಿ ಏನೂ ಹೇಳದೆ ಆಟೋ ತೆಗೆದುಕೊಂಡು ಹೋದ.

ಮಾರನೆಯ ದಿನ ಪೇಪರು ತರಿಸಿ ತಳದಿಂದ ಮೇಲಿನವರೆಗೂ ಹುಡುಕಿಸಿದೆ. ಅವರು ಸತ್ತ ಸುದ್ದಿ ಇರಲಿಲ್ಲ. ಬರುತ್ತದೆ ಎಂದು ನಾನೂ ಅಂದುಕೊಂಡಿರಲಿಲ್ಲ.

ಈಗ ಯಾರಾದರೂ ಅವರ ಮಾತೆತ್ತಿದರೆ, ದೊಡ್ಡ ಮನುಷ್ಯ, ಅನ್ಯಾಯದ ವಿರುದ್ಧ ಹೋಗಿ ಕೆಲಸ ಕಳಕೊಂಡರು ಎನ್ನುತ್ತಾರೆ. ಅದರಲ್ಲಿ ಒಂದೂ ಸುಳ್ಳಿಲ್ಲ. ಅರ್ಧ ಮುದುಕಿಯಾದವಳಿಗೆ ಅಕ್ಷರ ಕೊಟ್ಟರು, ಅಕ್ಷರವನ್ನು ನಂಬದಿರುವುದನ್ನೂ ಕೊಟ್ಟರು. ಆ ಋಣ ನಾನು ತೀರಿಸಲಾರೆ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅವರೇ ಬಂದು ಕೈ ತಳಕ್ಕೆ ಹಾಕು ಎನ್ನುತ್ತಾರೆ.

ಮೊಮ್ಮಗಳು ಆ ತುಂಡನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಇಟ್ಟುಕೊಂಡಿದ್ದಾಳೆ. ಅಂಚಿನಲ್ಲಿ ಅವರು ಬರೆದದ್ದು ಇಷ್ಟು. ಪೈಪು ಸೋರುತ್ತಿತ್ತು. ನನಗೆ ಗೊತ್ತಿತ್ತು.

ಇದನ್ನು ಅವರು ಆ ದಿನವೇ, ಪೇಪರಿನವನ ಟೀ ಆರುವ ಮುಂಚೆಯೇ ಹೇಳಬಹುದಿತ್ತು. ಗೋಣಿ ಕೊಯ್ದು ಕೊಟ್ಟ ದಿನವೇ ನಾನೂ ಹೇಳಬಹುದಿತ್ತು. ಬಿಡಬಾರದು ಎಂದು ಅದನ್ನೂ ಬರೆದಿದ್ದೇನೆ.